ಅಂಗೈ ಬಿಸಿಯ ಅನುಮಾನ

ರೇಕಿಯ ದೀಕ್ಷೆ ಮುಗಿಯುವ ತನಕ ಕಣ್ಣು ತೆರೆಯಬಾರದು ಎಂದು ಬಾಯಿಯವರು ಒತ್ತಿ ಒತ್ತಿ ಹೇಳಿದ್ದರು. ಅಷ್ಟು ಒತ್ತಿ ಹೇಳಿದ್ದರಿಂದಲೇ ನನಗೆ ತೆರೆದು ನೋಡಬೇಕೆನಿಸಿತು.

ಕಲಬುರಗಿಯ ಐವಾನ್-ಎ-ಶಾಹಿ ಕಡೆಯ ಅವರ ಮನೆಯ ಒಳಕೋಣೆಯಲ್ಲಿ ನಾವು ಐವರು ಹೆಂಗಸರು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೈ ಜೋಡಿಸಿಕೊಂಡು ಕುಳಿತಿದ್ದೆವು. ಗೋಡೆಯ ಮೇಲೆ ಮಠದ ಸ್ವಾಮಿಗಳ ಪಕ್ಕದಲ್ಲಿ ಕೈಯಿಟ್ಟು ಗುಣಪಡಿಸುವ ಈ ವಿದ್ಯೆಯ ಜಪಾನಿನ ಮೂಲಗುರುವಿನ ಫೋಟೋ ಇತ್ತು. ಅವರ ಹಣೆಗೂ ಗಂಧ ಹಚ್ಚಲಾಗಿತ್ತು. ಬಾಯಿಯವರು ಬೆನ್ನ ಹಿಂದೆ ನಿಂತು ನೆತ್ತಿಯ ಮೇಲೆ ಏನನ್ನೋ ಬರೆಯುತ್ತಿದ್ದಾರೆ ಎಂಬುದು ಬಳೆಯ ಸದ್ದಿನಿಂದ ತಿಳಿಯುತ್ತಿತ್ತು. ಅವರು ನನ್ನದನ್ನು ಮುಗಿಸಿ ಪಕ್ಕದವರ ಮುಂದೆ ಹೋದಾಗ ನಾನು ಒಂದು ಕಣ್ಣನ್ನು ಅರ್ಧ ತೆರೆದೆ. ಬಾಯಿಯವರು ಆ ಹೆಂಗಸಿನ ಜೋಡಿಸಿದ ಅಂಗೈಗಳ ನಡುವೆ ಮೆಲ್ಲಗೆ ಊದಿದರು. ಆಮೇಲೆ ಸುಮ್ಮನೆ ನಿಂತು, ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮತ್ತೆ ಹಾಕಿಕೊಂಡು ಮುಂದಿನವರ ಕಡೆಗೆ ನಡೆದರು. ಇಷ್ಟೇ ಕಂಡದ್ದು. ಮೋಸ ಮಾಡುವವರು ಮಂತ್ರದ ನಡುವೆ ಕನ್ನಡಕ ಒರೆಸುತ್ತಾರೆಯೇ? ಇಲ್ಲ ಅನಿಸಿತು. ಆದರೆ ನಿಜವಾಗಿಯೂ ಆಕಾಶದಿಂದ ಶಕ್ತಿ ಇಳಿಸುತ್ತಿರುವವರು ಒರೆಸುತ್ತಾರೆಯೇ? ಅದೂ ಇಲ್ಲ ಅನಿಸಿತು. ಕಣ್ಣು ಮುಚ್ಚಿಕೊಂಡೆ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಆ ವರ್ಷ ಬಲಭುಜ ಹಿಡಿದುಕೊಂಡುಬಿಟ್ಟಿತ್ತು. ಬೋರ್ಡಿನ ಮೇಲರ್ಧಕ್ಕೆ ಕೈ ಏರುತ್ತಿರಲಿಲ್ಲ. ಸೂತ್ರಗಳೆಲ್ಲ ಕೆಳಗೆ ಒತ್ತಿಕೊಂಡು ಬರುತ್ತಿದ್ದವು, ಹಿಂದಿನ ಬೆಂಚಿನವರು ಎದ್ದು ನಿಂತು ಬರೆದುಕೊಳ್ಳುತ್ತಿದ್ದರು. ಕೂದಲು ಬಾಚಿಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು. ಮೂಳೆ ಡಾಕ್ಟರು ನೋಡಿ, "ಇದು ತಾನಾಗಿ ಬರ್ತದ್ರಿ, ತಾನಾಗಿ ಹೋಗ್ತದ. ಟೈಮ್ ತಗೋತದ. ವ್ಯಾಯಾಮ ಮಾಡ್ಕೋತ ಇರ್ರಿ" ಅಂದರು. ತಾನಾಗಿ ಬಂದು ತಾನಾಗಿ ಹೋಗುವುದಾದರೆ ಇವರೇಕೆ ಬೇಕು ಎಂದು ಅವರ ಮೇಲೂ ಅನುಮಾನ ಬಂತು. ನನ್ನದು ಹಾಗೆಯೇ. ತೂಕದ ಅಂಗಡಿಯಲ್ಲಿ ತಕ್ಕಡಿಯ ಮುಳ್ಳನ್ನೇ ನೋಡುವ ಜಾತಿ. ಕೆಮಿಸ್ಟ್ರಿ ಕಲಿಸುವ ಗೆಳತಿ "ಒಮ್ಮೆ ಬಂದು ನೋಡ್ರಿ, ನಿಮಗೇನು ಹೋಗೂದದ" ಎಂದು ಬಾಯಿಯವರ ಮನೆಗೆ ಕರೆದುಕೊಂಡು ಹೋದಳು.

ಬಾಯಿಯವರು ಹುಡುಗಿಯರ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ನಮ್ಮ ಕಡೆ ಶಿಕ್ಷಕಿಯರಿಗೆ ಬಾಯಿ ಎನ್ನುತ್ತಾರೆ, ಅದಕ್ಕೇ ಊರೆಲ್ಲ ಇನ್ನೂ ಬಾಯಿಯವರು ಎಂದೇ ಕರೆಯುತ್ತಿತ್ತು. ಎರಡನೆಯ ಹಂತದ ಪಾಠದಲ್ಲಿ ರೇಕಿಯ ಗುರುತುಗಳನ್ನು ಕಲಿಸಿದರು. ಮಕ್ಕಳ ಸ್ಲೇಟು ತೆಗೆದುಕೊಂಡು ಒಂದೊಂದೇ ಗುರುತನ್ನು ಬರೆದು ತೋರಿಸುವುದು, ಒದ್ದೆ ಬಟ್ಟೆಯಿಂದ ಒರೆಸುವುದು.

"ಇದನ್ನ ಹಾಳಿ ಮ್ಯಾಲೆ ಬರ್ಕೋಬ್ಯಾಡ್ರಿ. ಯಾರಿಗೂ ತೋರಸಬ್ಯಾಡ್ರಿ. ಕಣ್ಣಾಗ ಇಟ್ಕೋರಿ."

"ತೋರಿಸಿದ್ರ ಏನಾಗ್ತದ್ರಿ ಬಾಯಿ?" ಎಂದೆ.

"ಶಕ್ತಿ ಕಡಿಮಿ ಆಗ್ತದ."

"ಯಾರದು? ನಂದೋ, ಗುರುತಿಂದೋ?"

ಬಾಯಿಯವರು ಸ್ಲೇಟು ಒರೆಸುತ್ತ ನಕ್ಕರು. "ಹಿಂಗ ಕೇಳೋ ಹುಡುಗೀರ್ನ ನಾ ಕ್ಲಾಸಿನ ಹೊರಗ ನಿಂದರಸ್ತಿದ್ದೆ. ನಿಮಗ ಹಂಗ ಮಾಡ್ಲಿಕ್ಕಾಗೂದಿಲ್ಲ. ಚಹಾ ಕುಡೀರಿ."

ಚಹಾ ಆದಮೇಲೆ ಎಲ್ಲರೂ ಕೈ ಮುಂದೆ ಚಾಚಿ ಕುಳಿತೆವು. ಅಂಗೈ ಬಿಸಿ ಆಗುತ್ತಿದೆಯೇ ಎಂದು ಬಾಯಿಯವರು ಒಬ್ಬೊಬ್ಬರನ್ನೇ ಕೇಳಿದರು. ಬಿರುಬೇಸಿಗೆಯ ಮಧ್ಯಾಹ್ನ ಅದು. ಕರೆಂಟು ಹೋಗಿ ಕೂಲರ್ ನಿಂತಿತ್ತು. ಆ ದಿನಗಳಲ್ಲಿ ಕಲಬುರಗಿಯಲ್ಲಿ ಬಿಸಿಯಾಗದ ವಸ್ತು ಯಾವುದಿರುತ್ತದೆ? ನಲ್ಲಿ ತಿರುಗಿಸಿದರೆ ಟಾಕಿಯಿಂದ ಬರುವ ನೀರಿಗೆ ಕೈಯಿಡಲಾಗುವುದಿಲ್ಲ, ಬಾಗಿಲ ಚಿಲಕ ಸುಡುತ್ತದೆ. ಆದರೂ ಎಲ್ಲರೂ "ಹೌದ್ರಿ ಬಾಯಿ, ಆಗ್ಯಾವ" ಎಂದರು. ಸರದಿ ನನಗೆ ಬಂದಾಗ ನಾನೂ "ಆಗ್ಯಾವ್ರಿ" ಎಂದೆ. ಆಟೋದಲ್ಲಿ ಮನೆಗೆ ಬರುವಾಗ, ಯಾಕೆ ಹಾಗಂದೆ ಎಂದು ಯೋಚಿಸಿದೆ. ಬಿಸಿಯಂತೂ ನಿಜವಾಗಿ ಇತ್ತು. ಅದು ಎಲ್ಲಿಂದ ಬಂತು ಎಂದು ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ.

ನಮ್ಮ ಮನೆಯವರು ನೀರಾವರಿ ಇಲಾಖೆಯಲ್ಲಿದ್ದಾರೆ. ಬಾಗಿಲು ತೆಗೆಯುತ್ತಲೇ "ಬಂತೇನು ಜಪಾನಿನ ಕರೆಂಟು?" ಎಂದು ಕೇಳಿದರು. ಅವರ ನಗೆಗೆ ಸಿಟ್ಟು ಬಂದು, ಅವರ ಮೇಲೆಯೇ ಒಂದು ಪ್ರಯೋಗ ಮಾಡಿದೆ. ಪಲಂಗದ ಮೇಲೆ ಬೋರಲು ಮಲಗಿಸಿ ತಲೆಗೆ ಟವೆಲು ಮುಚ್ಚಿದೆ. ನಾನು ಬೆನ್ನಿನ ಮೇಲೆ ಗೇಣಿನ ಎತ್ತರದಲ್ಲಿ ಕೈ ಹಿಡಿಯುತ್ತೇನೆ ಇಲ್ಲವೇ ಹಿಡಿಯುವುದಿಲ್ಲ, ಬಿಸಿ ಅನಿಸಿದಾಗ ನೀವು ಹೇಳಬೇಕು ಎಂದೆ. ಸ್ವಲ್ಪ ಹೊತ್ತು ಏನೂ ಇಲ್ಲ. ನನಗೆ ಬಾಯಾರಿತು, ಕಿಟಕಿಯ ಹತ್ತಿರ ಹೋಗಿ ನೀರು ಕುಡಿಯುತ್ತಿದ್ದೆ.

"ಹಾಂ, ಈಗ ಬಂತು ನೋಡು ಬಿಸಿ. ಬರೋಬ್ಬರಿ ನಡುವಿಗೆ," ಎಂದರು ಟವೆಲಿನ ಒಳಗಿನಿಂದ.

ನಾನು ಲೋಟ ಹಿಡಿದುಕೊಂಡು ನಿಂತೇ ಇದ್ದೆ. ಆಮೇಲೆ ಹೋಗಿ ನಿಜವಾಗಿ ಕೈ ಹಿಡಿದಾಗ ಅವರಿಗೆ ಏನೂ ತಿಳಿಯಲಿಲ್ಲ. ಪ್ರಯೋಗ ಸೋತಿತು ಎಂದು ಹೇಳಲು ಹೊರಟರೆ ಅವರು ಗೊರಕೆ ಹೊಡೆಯುತ್ತಿದ್ದರು. ಹಗಲು ನಿದ್ದೆ ಅವರಿಗೆ ಎಂದೂ ಹತ್ತದು. ಈ ನಿದ್ದೆಯನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ನನಗೆ ತಿಳಿಯಲಿಲ್ಲ.

ಲ್ಯಾಬಿನಲ್ಲಿ ಒಂದು ಮೀಟರು ತೋರಿಸಿದ ಅಳತೆ ನಂಬಿಕೆಗೆ ಬಾರದಿದ್ದರೆ ಇನ್ನೊಂದು ಮೀಟರು ಹಚ್ಚಿ ನೋಡು ಎಂದು ಮಕ್ಕಳಿಗೆ ಹೇಳುತ್ತೇನೆ. ಕೋಟನೂರಿನಲ್ಲಿ ಒಬ್ಬರು ಬೇರೆಯೇ ಪದ್ಧತಿಯ ರೇಕಿ ಕಲಿಸುತ್ತಾರೆ ಎಂದು ಕೇಳಿದಾಗ, ಅದೇ ಹಟದಿಂದ ಅಲ್ಲಿಗೂ ಹೋದೆ. ಅವರು ಲಿಂಗಾಯತ ವ್ಯಾಪಾರಸ್ಥರು. ಕಪನೂರಿನಲ್ಲಿ ತೊಗರಿಬೇಳೆಯ ಮಿಲ್ಲು ಇತ್ತು. ಎಲ್ಲರಿಗೂ ಅವರು ಸಾಹುಕಾರರು. ಮಿಲ್ಲಿನಿಂದ ನೇರವಾಗಿ ಬರುತ್ತಿದ್ದರು, ಹುಬ್ಬಿನ ಮೇಲೆ ಬೇಳೆಯ ಹಳದಿ ಪುಡಿ ಕೂತಿರುತ್ತಿತ್ತು. ಹೊಸ ಮನೆಯ ಮಾಳಿಗೆಯ ಕೋಣೆಯಲ್ಲಿ ಜಮಖಾನೆ ಹಾಸಿ ಪಾಠ.

ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟವಳು ಅಲ್ಲಿಯೇ ನಿಂತೆ. ಬಾಯಿಯವರು ಸ್ಲೇಟಿನ ಮೇಲೆ ಬರೆದು ಒರೆಸಿ ಹಾಕಿದ್ದ ಗುರುತುಗಳೆಲ್ಲ ಎದುರು ಗೋಡೆಯ ತುಂಬ ಫ್ಲೆಕ್ಸಿನಲ್ಲಿ ಅಚ್ಚಾಗಿ ನಿಂತಿದ್ದವು. ನಡುವೆ ಓಂಕಾರ, ತ್ರಿಶೂಲ ಬೇರೆ ಸೇರಿಕೊಂಡಿದ್ದವು.

"ಇದು ಗುಪ್ತ ಇಡಬೇಕಲ್ರಿ? ನಮ್ಮ ಬಾಯಿಯವರು ಹಂಗಂತಾರ," ಎಂದೆ.

"ಸೂರ್ಯನ್ನ ಯಾರರ ಮುಚ್ಚಿಡ್ತಾರೇನ್ರಿ?" ಎಂದರು ಸಾಹುಕಾರರು. "ಬಾಯಾರದ್ದು ತಪ್ಪು ಅಂತ ನಾ ಅನ್ನಂಗಿಲ್ಲ. ಅರ್ಧಾ ಅದ, ಅಷ್ಟ."

ನಾನು ಫ್ಲೆಕ್ಸಿನ ಹತ್ತಿರ ಹೋಗಿ ನೋಡಿದೆ. ಒಂದು ಗುರುತಿನ ಸುರುಳಿ ಬಾಯಿಯವರ ಸ್ಲೇಟಿನಲ್ಲಿ ಎಡಕ್ಕೆ ಸುತ್ತಿತ್ತು, ಇಲ್ಲಿ ಬಲಕ್ಕೆ ಸುತ್ತಿತ್ತು. ಕೇಳಿದೆ.

"ಭಾವ ಮುಖ್ಯರಿ ಮೇಡಂ. ಸುರುಳಿ ಯಾಕಡಿ ಸುತ್ತಿದ್ರೇನು?"

ನನ್ನ ವಿಷಯದಲ್ಲಿ ತಂತಿಯ ಸುರುಳಿ ತಿರುವುಮುರುವಾದರೆ ಉತ್ತರ ಧ್ರುವ ದಕ್ಷಿಣವಾಗುತ್ತದೆ.

ಆದರೆ ಸಾಹುಕಾರರ ಪಾಠ ಕೇಳಲು ಹಿತವಾಗಿತ್ತು. ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ತೋರಿಸುತ್ತ ಹೇಳುತ್ತಿದ್ದರು. "ನಮ್ಮ ಹಿರಿಯರು ಹಿಂಗ ಲಿಂಗ ಅಂಗೈಯಾಗ ಇಟ್ಕೊಂಡು ನೋಡ್ಕೋತ ಕುಂದರ್ತಿದ್ರು. ಅಂಗೈಗೆ ಬಿಸಿ ಬರೂದು ಅವರಿಗೆ ಗೊತ್ತಿದ್ದಿಲ್ಲೇನು? ಜಪಾನದವ್ರು ಬಂದು ಹೇಳಬೇಕೇನು?" ಬಾಯಿಯವರು ಇದೇ ವಿದ್ಯೆಯನ್ನು ಸಂಧ್ಯಾವಂದನೆಯಲ್ಲಿ ಮಂತ್ರ ಹೇಳುತ್ತ ಬೆರಳು ಮುಟ್ಟಿಕೊಳ್ಳುವ ಕರನ್ಯಾಸಕ್ಕೆ ಜೋಡಿಸಿ, ಇದು ನಮ್ಮಿಂದಲೇ ಆ ಕಡೆ ಹೋದದ್ದು ಎನ್ನುತ್ತಿದ್ದರು. ಪ್ರತಿಯೊಬ್ಬರಿಗೂ ಇದು ತಮ್ಮ ಮನೆಯ ದೇವರಕೋಣೆಯಿಂದಲೇ ಹೊರಬಿದ್ದ ವಸ್ತುವಾಗಿ ಕಾಣುತ್ತಿತ್ತು. ಅದರಿಂದ ನನ್ನ ಅನುಮಾನ ಹೆಚ್ಚಾಯಿತು. ಆದರೂ ಸಾಹುಕಾರರು ಅಂಗೈ ನೋಡಿಕೊಳ್ಳುತ್ತ ಸುಮ್ಮನಾದಾಗ, ದಿನವೆಲ್ಲ ಮಿಲ್ಲಿನ ಗದ್ದಲದಲ್ಲಿ ಇದ್ದುಬಂದ ಆ ಮನುಷ್ಯನ ಮುಖ ಸಡಿಲಾಗುತ್ತಿದ್ದುದನ್ನು ನಾನು ಕಂಡಿದ್ದೇನೆ. ಅದು ನಟನೆಯಾಗಿರಲಿಲ್ಲ.

ನನಗೆ ಅಲ್ಲಿ ಕಸಿವಿಸಿಯಾದದ್ದು ಬೇರೆ ಕಾರಣಕ್ಕೆ. ಒಂದು ಭಾನುವಾರ ಹೊಸಬರು ಬಂದಿದ್ದರು. ಸಾಹುಕಾರರು ವೋಲ್ಟೇಜು, ಫ್ರೀಕ್ವೆನ್ಸಿ ಎಂದೆಲ್ಲ ವಿವರಿಸುತ್ತಿದ್ದವರು ನಡುವೆ ನಿಲ್ಲಿಸಿ ನನ್ನ ಕಡೆಗೆ ಕೈ ತೋರಿಸಿದರು.

"ಇವರು ನೋಡ್ರಿ, ಕಾಲೇಜಿನಾಗ ಫಿಸಿಕ್ಸ್ ಕಲಸ್ತಾರ. ಅಂಥವರ ಬಂದು ಕಲೀಲಾಕತ್ತಾರ. ಇನ್ನ ಯಾವ ಪ್ರೂಫ್ ಬೇಕು ನಿಮಗ?"

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ಪರೀಕ್ಷೆ ಮಾಡಲು ಬಂದವಳು ಎಂದುಕೊಂಡಿದ್ದೆ. ಅಲ್ಲಿ ನೋಡಿದರೆ ನಾನೇ ಸಾಕ್ಷಿಯಾಗಿ ಕುಳಿತಿದ್ದೆ. ಎದ್ದು ಏನಾದರೂ ಹೇಳಬೇಕಿತ್ತು. ಅಷ್ಟು ಜನರ ಮುಂದೆ ಅವರ ಮನೆಯಲ್ಲಿ ಕುಳಿತು ಅವರ ಮಾತು ತೆಗೆದುಹಾಕುವುದು ಹೇಗೆ? ಅದರ ಮುಂದಿನ ವಾರದಿಂದ ಹೋಗುವುದನ್ನು ನಿಲ್ಲಿಸಿದೆ.

ಅಷ್ಟೊತ್ತಿಗೆ ನನ್ನ ಭುಜ ಸಡಿಲಾಗಿತ್ತು. ಬೋರ್ಡಿನ ತುದಿಯಿಂದ ಬರೆಯಲಾರಂಭಿಸಿದ್ದೆ. ಬಾಯಿಯವರು ತಮ್ಮ ದೀಕ್ಷೆ ಎಂದರು, ಸಾಹುಕಾರರು ತಮ್ಮದು ಎಂದರು, ಡಾಕ್ಟರು "ಹೇಳಿದ್ದೆನಲ್ರಿ" ಎಂದರು. ನಾನು ಮೂವರನ್ನೂ ನಂಬಲಿಲ್ಲ. ಹಾಗೆಂದು ಬೆಳಿಗ್ಗೆ ಎದ್ದು ಭುಜದ ಮೇಲೆ ಎಡಗೈಯಿಟ್ಟು ಸ್ವಲ್ಪ ಹೊತ್ತು ಕೂರುವುದನ್ನೂ ಬಿಡಲಿಲ್ಲ.

ಇದೆಲ್ಲ ಇಲ್ಲಿಗೇ ನಿಂತಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಕಮಲಾಪುರದಿಂದ ಅಣ್ಣನ ಫೋನು ಬಂತು.

ಅಣ್ಣ ಅಲ್ಲಿ ಹೈಸ್ಕೂಲಿನ ಕಚೇರಿಯಲ್ಲಿದ್ದು ನಿವೃತ್ತನಾದವನು. ಈಗ ನಾಲ್ಕಾರು ಮನೆಗಳ ಪೂಜೆ, ಸತ್ಯನಾರಾಯಣ ಮಾಡಿಸಿಕೊಡುತ್ತಾನೆ. ಮಾತು ಕಡಿಮೆ. "ಏ ತಂಗಿ, ನಿಮ್ಮ ವೈನಿ ಯಾಕೋ ಮೆತ್ತಗಾಗ್ಯಾಳ. ದವಾಖಾನಿಗೆ ನಡಿ ಅಂದ್ರ ಒಲ್ಲೆ ಅಂತಾಳ. ನೀ ಒಮ್ಮೆ ಬಂದು ನೋಡು," ಎಂದಷ್ಟೇ ಹೇಳಿದ. ವೈನಿಗೆ, ಎಂದರೆ ಅತ್ತಿಗೆಗೆ, ಬಹಳ ವರ್ಷಗಳಿಂದ ಶುಗರ್ ಇತ್ತು. ಗುಳಿಗೆಯ ಮೇಲೆ ನಡೆಯುತ್ತಿತ್ತು.

ಭಾನುವಾರ ಹುಮನಾಬಾದ್ ಬಸ್ಸು ಹಿಡಿದು ಹೋದೆ. ರಸ್ತೆ ಬದಿಯ ಅಂಗಡಿಗಳಲ್ಲಿ ಕೆಂಪು ಬಾಳೆಗೊನೆಗಳು ತೂಗಾಡುತ್ತಿದ್ದವು. ಅಣ್ಣನ ಮನೆಯ ಬಾಗಿಲಲ್ಲಿ ಬಹಳ ಚಪ್ಪಲಿಗಳಿದ್ದವು. ಒಳಗೆ ಪಡಸಾಲೆಯಲ್ಲಿ ವೈನಿಯೂ ಸೇರಿ ಏಳೆಂಟು ಹೆಂಗಸರು ಚಾಪೆಯ ಮೇಲೆ ಮಲಗಿದ ಒಬ್ಬಳ ಸುತ್ತ ಕುಳಿತು, ಅವಳನ್ನು ಮುಟ್ಟದೆ, ಗಾಳಿಯಲ್ಲಿ ಕೈಯಾಡಿಸುತ್ತಿದ್ದರು. ಜೇಡರ ಬಲೆ ಜಾಡಿಸಿದಂತೆ ಕೈ ಜಾಡಿಸಿ ಉಪ್ಪುನೀರಿನ ಬಕೀಟಿಗೆ ಕೊಡವುತ್ತಿದ್ದರು. ಸೋಲಾಪುರದ ಕಡೆಯಿಂದ ವಾರಕ್ಕೊಮ್ಮೆ ಬರುವ ಒಬ್ಬ ಹೆಂಗಸು ಕಲಿಸುತ್ತಿದ್ದಳು. ನನ್ನದೇ ವಯಸ್ಸು, ನೀಟಾಗಿ ಇಸ್ತ್ರಿ ಮಾಡಿದ ಸೀರೆ. ಎಲ್ಲರೂ ತಾಈ ಎನ್ನುತ್ತಿದ್ದರು, ಮರಾಠಿಯಲ್ಲಿ ಅಕ್ಕ ಎಂದಂತೆ. ಮುಟ್ಟಿದರೆ ರೋಗಿಯ ಕೆಟ್ಟದ್ದು ನಮಗೆ ಅಂಟುತ್ತದೆ ಎಂದು ಆಕೆ ಹೇಳುತ್ತಿದ್ದಳು. ಬಾಯಿಯವರ ಪದ್ಧತಿಯಲ್ಲಿ ನೆತ್ತಿಯಿಂದ ಅಂಗಾಲಿನ ತನಕ ಕೈಯಿಟ್ಟು ಬರಬೇಕು. ಅಲ್ಲಿಗೆ ಇದು ಮೂರನೆಯ ರೇಕಿ.

ಎಲ್ಲರೂ ಹೋದ ಮೇಲೆ ವೈನಿ ಚಹಾ ಮಾಡಲು ಎದ್ದಳು. ಗೋಡೆ ಹಿಡಿದು ನಡೆದಳು. ಮುಖ ಇಳಿದಿತ್ತು. ಗುಳಿಗೆ ಸರಿಯಾಗಿ ತೆಗೆದುಕೊಳ್ಳುತ್ತೀರೋ ಇಲ್ಲವೋ ಎಂದು ಕೇಳಿದೆ.

"ತಗೋತೀನವಾ. ಈಗ ಅರ್ಧಾ ಸಾಕಾಗ್ತದ."

"ಯಾರು ಹೇಳಿದ್ರು ಅರ್ಧಾ?"

"ಗುಳಿಗಿ ಅಂಗೈಯಾಗ ಇಟ್ಟು ಶಕ್ತಿ ತುಂಬಿದ್ರ ಅರ್ಧಾ ಗುಳಿಗಿ ಪೂರ್ತಿ ಕೆಲಸ ಮಾಡ್ತದ. ಮುಂದ ಪಾವು ಸಾಕು ಅಂತಾರ ತಾಈ."

ನನಗೆ ಮೈ ಉರಿದುಹೋಯಿತು. ಇದು ಹುಚ್ಚು, ನಾಳೆಯಿಂದಲೇ ಪೂರ್ತಿ ಗುಳಿಗೆ ತೆಗೆದುಕೊಳ್ಳಬೇಕು ಎಂದು ಜೋರು ಮಾಡಿದೆ. ವೈನಿ ಬಸಿಯಲ್ಲಿ ಚಹಾ ಸುರಿದು ನನ್ನ ಮುಂದಿಟ್ಟು ನಿಧಾನವಾಗಿ ಹೇಳಿದಳು.

"ನೀನೂ ಕಲ್ತೀದಿ ಅಲ್ಲ? ಒಬ್ಬರ ಕಡೆ ಅಲ್ಲ, ಇಬ್ಬರ ಕಡೆ. ಕಾಲೇಜಿನಾಗ ಕಲಸೋ ನಮ್ಮ ನಾದಿನಿನ ಕಲ್ತಾಳ ಅಂತ ನಾ ಎಲ್ಲಾರಿಗೂ ಹೇಳಿ ಈ ಕ್ಲಾಸು ನಮ್ಮ ಮನಿಯಾಗ ಇಡಿಸೀನಿ. ಈಗ ನೀನ ಹಿಂಗಂದ್ರ ಹೆಂಗ?"

ಕೋಟನೂರಿನ ಮಾಳಿಗೆಯಲ್ಲಿ ಒಮ್ಮೆ ಆದದ್ದು ಇಲ್ಲಿ ಎಷ್ಟೋ ದಿನಗಳಿಂದ ನನಗೆ ತಿಳಿಯದೆಯೇ ನಡೆದಿತ್ತು. ತಲೆ ತಗ್ಗಿಸಿ ಬಸಿಯ ಚಹಾ ಕುಡಿದೆ. ವೈನಿಗೂ ಪಾಪ ಅನಿಸಿರಬೇಕು, "ಇರಲಿ ಬಿಡು, ನಿಂದು ಬ್ಯಾರೆ ಥರ ಅಂತಲ್ಲ, ಮುಟ್ಟಿ ಮಾಡೂದು. ಜರಾ ಹಚ್ಚು ನೋಡೋಣ. ಮೈ ಭಾಳ ಭಾರ ಆಗ್ಯಾದ" ಎಂದು ಚಾಪೆಯ ಮೇಲೆ ಮಲಗಿದಳು.

ಒಲ್ಲೆ ಎನ್ನಬೇಕೆಂದಿದ್ದೆ. ಆದರೆ ಅವಳು ಕಣ್ಣು ಮುಚ್ಚಿಬಿಟ್ಟಿದ್ದಳು. ಪಕ್ಕದಲ್ಲಿ ಕುಳಿತು ಹಣೆಯ ಮೇಲೆ ಕೈಯಿಟ್ಟೆ. ಗುರುತು ಯಾವುದನ್ನೂ ಬರೆಯಲಿಲ್ಲ, ಮಂತ್ರ ಹೇಳಲಿಲ್ಲ. ಕಣ್ಣು, ಕಿವಿ, ಗಂಟಲು, ಹೊಟ್ಟೆ ಎಂದು ಬಾಯಿಯವರು ಕಲಿಸಿದ ಸಾಲಿನಲ್ಲಿಯೇ ಕೈ ಸರಿಸುತ್ತ ಬಂದೆ. ನನ್ನನ್ನು ಈ ಮನೆಯಿಂದಲೇ ಮದುವೆ ಮಾಡಿ ಕಳಿಸಿದವಳು ವೈನಿ. ಇಷ್ಟು ವರ್ಷಗಳಲ್ಲಿ ನಾನು ಅವಳನ್ನು ಇಷ್ಟು ಹೊತ್ತು ಮುಟ್ಟಿದ್ದೇ ಇಲ್ಲ ಎಂದು ಆಗ ಹೊಳೆಯಿತು. ಮೊಣಕಾಲು ಮುಗಿಸಿ ಪಾದಕ್ಕೆ ಕೈ ಹಾಕಿದರೆ, ಸೆಖೆಯ ಮಧ್ಯಾಹ್ನದಲ್ಲಿ ಬಲಗಾಲಿಗೆ ಅಣ್ಣನ ಹಳೆಯ ಕಾಲುಚೀಲ. ವೈನಿ ಫಕ್ಕನೆ ಕಾಲೆಳೆದುಕೊಂಡಳು.

"ಕಾಲು ಬ್ಯಾಡ. ಸಾಕು ಬಿಡು."

"ಬಾಯಾರು ಪಾದದ ತನಕಾ ಹೋಗ್ಬೇಕು ಅಂತಾರ್ರಿ. ನಡುವ ಬಿಡಬಾರದು."

ಅದನ್ನು ಯಾಕೆ ಹೇಳಿದೆನೋ, ಅಭ್ಯಾಸದ ಮಾತಿನಂತೆ ಬಂತು. ವೈನಿ ಅದಕ್ಕೆ ಬಗ್ಗಿದಳು. ಕಾಲುಚೀಲದ ಮೇಲೆಯೇ ಅಂಗೈಯಿಟ್ಟೆ. ಬಿಸಿ. ಎಡಗಾಲು ತಣ್ಣಗಿತ್ತು, ಬಲಗಾಲು ಒಲೆಯಿಂದ ಇಳಿಸಿದ ಪಾತ್ರೆಯಂತಿತ್ತು. ನಾನು ರೇಕಿ ಕಲಿತಾಗಿನಿಂದ ಅನುಮಾನವೇ ಇಲ್ಲದೆ ಅಂಗೈಗೆ ತಿಳಿದ ಬಿಸಿ ಅದೊಂದೇ. ವೈನಿ ಬೇಡ ಬೇಡ ಎನ್ನುತ್ತಿದ್ದಂತೆ ಕಾಲುಚೀಲ ಜಾರಿಸಿದೆ. ಕಿರುಬೆರಳಿನ ಬುಡದಲ್ಲಿ ಗಾಯ ಕಪ್ಪಾಗಿ, ಸುತ್ತಲೂ ಬಾತು, ವಾಸನೆ ಬರುತ್ತಿತ್ತು.

"ಇದೇನ್ರಿ ವೈನಿ?"

"ಏನಿಲ್ಲ. ಅಂಗಳದಾಗ ಕಲ್ಲು ತಾಗಿತ್ತು. ಮಾಯಲಿಕ್ಕತ್ತದ."

"ಬ್ಯಾನಿ ಇಲ್ಲೇನು?"

"ಒಂದಿಷ್ಟೂ ಇಲ್ಲವಾ. ಅದಕ್ಕೇ ಅಲ್ಲ ನಾ ಅನ್ನೂದು, ಕೆಲಸ ಮಾಡ್ಲಿಕ್ಕತ್ತದ ಅಂತ. ತಾಈ ದೂರದಿಂದನ ದಿನಾ ಜಾಡಸ್ತಾರ."

ನೋವಿಲ್ಲದಿರುವುದೇ ಹೆದರಿಕೆಯ ಸಂಗತಿ ಎಂದು ಅವಳಿಗೆ ಹೇಗೆ ಹೇಳುವುದು? ಶುಗರ್ ಅವಳ ಪಾದದ ಅರಿವನ್ನೇ ತಿಂದುಹಾಕಿತ್ತು. ತಲೆಯೆತ್ತಿದರೆ ಅಣ್ಣ ದೇವರಕೋಣೆಯ ಹೊಸ್ತಿಲಲ್ಲಿ ಮಡಿಯುಟ್ಟು ನಿಂತಿದ್ದ. ಅವನ ಕಣ್ಣು ಗಾಯದ ಮೇಲಿತ್ತು. ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು, ಪಕ್ಕದ ಮನೆಯವರ ಕಾರು ಕೇಳಲು ಹೋದ.

ಅಂದು ಸಂಜೆಯೇ ಕಲಬುರಗಿಗೆ ಕರೆತಂದು ಸೇರಿಸಿದೆವು. ಕಿರುಬೆರಳು ತೆಗೆಯಬೇಕಾಯಿತು. ಇನ್ನೊಂದು ವಾರ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದರು. ಗಾಯ ಮಾಯುವ ತನಕ ವೈನಿ ನಮ್ಮ ಮನೆಯಲ್ಲಿಯೇ ಇದ್ದಳು. ನಮ್ಮ ಮನೆಯವರು ಇನ್ಸುಲಿನ್ ಕೊಡುವುದನ್ನು ಕಲಿತುಕೊಂಡರು. ಜಪಾನಿನ ಮಾತು ಎತ್ತಲಿಲ್ಲ.

ನೋಡಲು ಬಂದವರಿಗೆಲ್ಲ ವೈನಿ ಹೇಳುತ್ತಿದ್ದುದು ಒಂದೇ. "ನಮ್ಮ ನಾದಿನಿ ಕೈ ನೋಡ್ರಿ, ಚೀಲದ ಒಳಗಿಂದು ಹುಡುಕಿ ತಗೀತು."

"ವೈನಿ, ಕಾಲುಚೀಲ ತಗದ್ರ ಯಾರಿಗರ ಕಾಣ್ತಿತ್ತು. ಇದರಾಗ ರೇಕಿ ಏನು ಬಂತು?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಕಾಣ್ತಿತ್ತು ಖರೆ. ಯಾರು ತಗದ್ರು ಹೇಳು? ನಿಮ್ಮಣ್ಣ ತಗದನ? ತಾಈ ಮುಟ್ಟಲೇ ಇಲ್ಲ."

ಅಣ್ಣ ಅಲ್ಲಿಯೇ ಕುರ್ಚಿಯ ಮೇಲೆ ಪೇಪರ್ ಓದುತ್ತಿದ್ದ. ಪುಟ ತಿರುಗಿಸಲಿಲ್ಲ.

ಸುದ್ದಿ ನನ್ನ ಗುರುಗಳಿಗೂ ಹೋಯಿತು. ಬಾಯಿಯವರು ಹಣ್ಣು ತೆಗೆದುಕೊಂಡು ಬಂದು, "ಅದಕ್ಕೇ ಪಾದದ ತನಕಾ ಹೋಗ್ರಿ ಅಂತ ಬಡಕೋತೀನಿ" ಎಂದರು. ಸಾಹುಕಾರರು ಫೋನು ಮಾಡಿ ಭಾನುವಾರದ ಪಾಠಕ್ಕೆ ಬಂದು ಈ ಅನುಭವ ಹೇಳಬೇಕೆಂದು ಕೇಳಿದರು. ಈ ಸಲ ನಾನು ಹೋದೆ. ಆದದ್ದನ್ನು ಆದ ಹಾಗೆ ಹೇಳಿದೆ. ಅರ್ಧ ಗುಳಿಗೆ, ಗಾಯ, ಕತ್ತರಿಸಿದ ಬೆರಳು, ಗುಳಿಗೆ ಯಾರೂ ಕಡಿಮೆ ಮಾಡಬಾರದು ಎನ್ನುವುದು, ಎಲ್ಲ ಹೇಳಿದೆ. ನಾನು ಯಾವ ಗುರುತನ್ನೂ ಬರೆದಿರಲಿಲ್ಲ ಎಂಬುದನ್ನೂ ಹೇಳಿದೆ. ಎಲ್ಲರೂ ತಲೆದೂಗಿ ಕೇಳಿದರು. ಮುಗಿದ ಮೇಲೆ ಮುಂದಿನ ಸಾಲಿನ ಹೆಂಗಸೊಬ್ಬಳು, "ಗುರುತು ಇಲ್ದನ ಇಷ್ಟು ಕೆಲಸ ಆಗ್ಯಾದಂದ್ರ, ನಿಮ್ಮ ಕೈ ಭಾಳ ಪವರ್ ಅದರಿ ಮೇಡಂ" ಎಂದಳು. ಸಾಹುಕಾರರ ಮುಖ ನೋಡಿದೆ. ಅವರು ನಗಲಿಲ್ಲ. "ಗುಳಿಗಿ ಮಾತು ಕೇಳಿದ್ರಿಲ್ಲೋ ಎಲ್ಲಾರೂ?" ಎಂದು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದರು. ಅವರ ಬಗ್ಗೆ ನನಗಿದ್ದ ಅನುಮಾನ ಅಂದು ಒಂದಿಷ್ಟು ಕರಗಿತು.

ತಾಈ ನಮ್ಮ ಮನೆಗೆ ಬಂದದ್ದು ಒಂದು ಗುರುವಾರ. ಬಂದರೆ ಏನೇನು ಕೇಳಬೇಕೆಂದು ಮನಸ್ಸಿನಲ್ಲಿ ಬಹಳ ದಿನದಿಂದ ಜೋಡಿಸಿಟ್ಟುಕೊಂಡಿದ್ದೆ. ಆಕೆ ವೈನಿಯ ಪಕ್ಕದಲ್ಲಿ ಕುಳಿತು ಪಟ್ಟಿ ಕಟ್ಟಿದ ಪಾದವನ್ನು ನೋಡಿ ಅತ್ತಳು. ಅಳು ನಿಜವೋ ಎಂದು ನಾನು ಅವಳ ಕಣ್ಣನ್ನೇ ನೋಡುತ್ತಿದ್ದೆ. ನೀರು ನಿಜವಾಗಿಯೇ ಬರುತ್ತಿತ್ತು.

"ನಾನು ಗುಳಿಗಿ ಬಿಡ್ರಿ ಅಂತ ಎಂದೂ ಹೇಳಿಲ್ಲರಿ," ಎಂದಳು ನನ್ನ ಕಡೆ ತಿರುಗಿ.

"ಅರ್ಧಾ ಮಾಡ್ರಿ ಅಂತ ಹೇಳೀರಿ."

"ಶರೀರ ತಯಾರಾದ್ರ ತಾನ ಹೇಳ್ತದ ಅಂದೀನಿ."

ಊಟದ ಹೊತ್ತಾಗಿತ್ತು. ಮನೆಗೆ ಬಂದವರನ್ನು ಉಣಿಸದೆ ಕಳಿಸುವುದು ನಮ್ಮಲ್ಲಿಲ್ಲ, ಎಂಥ ಸಿಟ್ಟಿದ್ದರೂ. ತಾಟು ಹಾಕಿದೆ. ಆಕೆ ಕುಳಿತು, ಪರ್ಸಿನಿಂದ ಗುಳಿಗೆಯ ಪಟ್ಟಿ ತೆಗೆದು ಒಂದನ್ನು ಒತ್ತಿ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಅಭ್ಯಾಸದ ಕೈ, ನಾನು ನೋಡುತ್ತಿದ್ದೇನೆಂಬ ಎಚ್ಚರವೂ ಇರಲಿಲ್ಲ.

"ಅದ್ಯಾವ ಗುಳಿಗಿರಿ?" ಎಂದೆ.

"ಶುಗರಿಂದು" ಎಂದವಳು ಅಲ್ಲಿಗೇ ನಿಂತಳು.

"ಪೂರ್ತಿ ತಗೊಂಡ್ರಿ."

ಪಲಂಗದ ಮೇಲಿಂದ ವೈನಿ ಕೇಳಿಸಿಕೊಳ್ಳುತ್ತಿದ್ದಳು. ತಾಈ ಗುಳಿಗೆಯ ಪಟ್ಟಿಯನ್ನು ಮಡಿಸಿ ಪರ್ಸಿಗೆ ಹಾಕಿಕೊಂಡಳು. "ನಾನೂ ಅರ್ಧಾ ಮಾಡಿದ್ದೆ," ಎಂದಳು ಕೊನೆಗೆ. "ನನ್ನ ಮಗ ಡಾಕ್ಟರಕಿ ಓದ್ಯಾನ. ಅವಗ ಗೊತ್ತಾಗಿ ದೊಡ್ಡ ಜಗಳಾ ಆತು. ಅವನ ಸಲುವಾಗಿ ತಗೋತೀನಿ."

"ಈ ಮಾತು ಕಮಲಾಪುರದ ಹೆಂಗಸರಿಗೂ ಹೇಳ್ರಿ."

"ಹೇಳ್ತೀನಿ."

ಆ ಮಗ ಮೊದಲಿನಿಂದಲೂ ಇದ್ದನೋ, ಆ ಗಳಿಗೆಯಲ್ಲಿ ಹುಟ್ಟಿದನೋ ನನಗೆ ಇಂದಿಗೂ ಗೊತ್ತಿಲ್ಲ. ಆಕೆ ಉಂಡು, ಕೈ ತೊಳೆದು, ವೈನಿಯ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕುಳಿತು ಹೋದಳು. ಮುಟ್ಟಬಾರದು ಎನ್ನುವವಳು ಅಂದು ಮುಟ್ಟಿದ್ದಳು. ಬಾಗಿಲು ಹಾಕಿಕೊಂಡು ಬಂದಾಗ ವೈನಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. "ಪೂರ್ತಿ ತಗೊಂಡ್ಳಲ್ಲ," ಎಂದಳು, ನನಗೆ ಹೇಳಿದ್ದಲ್ಲ. ಆಮೇಲೆ ಕಮಲಾಪುರದಲ್ಲಿ ಪಾಠ ನಿಂತುಹೋಯಿತು. ತಾಈ ಗುಳಿಗೆಯ ಮಾತು ಹೇಳಿ ಹೋದಳೆಂದು ಕೆಲವರು, ಹೇಳದೆಯೇ ಬರುವುದು ಬಿಟ್ಟಳೆಂದು ಕೆಲವರು.

ವೈನಿಯನ್ನು ಊರಿಗೆ ಬಿಟ್ಟುಬರಲು ಹೋದವಳು ಅಲ್ಲಿ ಒಂದು ರಾತ್ರಿ ಉಳಿದೆ. ಬೆಳಿಗ್ಗೆ ಅಣ್ಣ ಪೂಜೆ ಮುಗಿಸಿ ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದ. ಒಳಗೆ ವೈನಿ ಸೂಜಿ ಚುಚ್ಚಿಕೊಳ್ಳುವುದನ್ನು ತಾನೇ ಕಲಿಯುತ್ತ ಹಾಂ, ಹೂಂ ಎನ್ನುತ್ತಿದ್ದಳು. ನಾನು ಚಹಾ ತಂದುಕೊಟ್ಟೆ. ಅವನು ಕಪ್ಪನ್ನು ಪಕ್ಕಕ್ಕಿಟ್ಟ.

"ದಿನಾ ಒಂದ ಮನಿಯಾಗ ಇರ್ತೀನಿ," ಎಂದ. "ಚೀಲ ಯಾಕ ಹಾಕ್ಕೊಂಡಾಳ ಅಂತ ಒಮ್ಮೆನೂ ಕೇಳಲಿಲ್ಲ ನೋಡು."

ಆಮೇಲೆ, ತಲೆಯೆತ್ತದೆ, "ನಿಂದೊಂದು ಅದು ಮಾಡ್ತೀಯಲ್ಲ, ನನ್ನ ತಲಿ ಮ್ಯಾಲೆ ಜರಾ ಕೈಯಿಡು" ಎಂದ.

ಅಣ್ಣ ನನಗಿಂತ ಹೆಚ್ಚಾಗಿ 'ಇದೆಲ್ಲ ಸುಳ್ಳು' ಎನ್ನುವ ಜಾತಿಯವನು. ಹಿಂದೆ ನಿಂತು ಅವನ ತಲೆಯ ಮೇಲೆ ಎರಡೂ ಅಂಗೈ ಇಟ್ಟೆ. ಸ್ನಾನದ ಒದ್ದೆ ಇನ್ನೂ ಕೂದಲಲ್ಲಿತ್ತು. ಬೀದಿಯಲ್ಲಿ ಹಾಲಿನವನು ಹೋದ, ಶಾಲೆಯ ವ್ಯಾನು ಹೋಯಿತು. ಅಣ್ಣ ಅಲ್ಲಾಡಲಿಲ್ಲ.

"ಏನೂ ಆಗವಲ್ದು," ಎಂದ ಬಹಳ ಹೊತ್ತಿನ ಮೇಲೆ.

"ಇಲ್ಲಣ್ಣ, ಏನೂ ಆಗೂದಿಲ್ಲ. ಸುಮ್ಮನ ಕೂಡು."

ಅವನು ಕೂತೇ ಇದ್ದ. ಚಹಾ ಆರಿಹೋಯಿತು. ನಾನು ಕೈ ತೆಗೆಯಲಿಲ್ಲ.